ಪಕ್ಕದ ಕುರ್ಚಿಯವಳ ಕಿಡ್ನಿ

ಅಕ್ಟೋಬರ್ 1, ಮಂಗಳವಾರ

ತೂಕ 54.9. ಯಂತ್ರ ಮೈಯ ನೀರು ತೆಗೆದ ಮೇಲಿನ ಒಣ ತೂಕಕ್ಕಿಂತ ಎರಡು ಕೆಜಿ ಆರುನೂರು ಗ್ರಾಂ ಜಾಸ್ತಿ. ಚಪ್ಪಲಿ ಬಿಟ್ಟೆ, ಹಸಿರು ಕಲ್ಲಿನ ಬಳೆ ತೆಗೆದೆ, ಜೇಬಿನ ಕರವಸ್ತ್ರವನ್ನೂ ತೆಗೆದಿಟ್ಟೆ. ಏನೂ ಪ್ರಯೋಜನವಾಗಲಿಲ್ಲ. ಮತ್ತೆ ಅಂಗಡಿ ಗಂಜಿಯ ರುಚಿ ನೋಡಿದಿರಾ ಎಂದು ನರ್ಸ್ ಯಾನ್ ಗದರಿದಳು. ನೋಡಿದ್ದೆ. ಒಂದೇ ಚಮಚ. ಸರಿ, ನಾಲ್ಕು. ಮೀನಿನ ಗಂಜಿ ಅಂಗಡಿ ಇಟ್ಟವಳು ಉಪ್ಪು ನೋಡದೆ ಜನಕ್ಕೆ ಬಡಿಸುವುದು ಹೇಗೆ?

ಪಕ್ಕದ ಏಳನೇ ಕುರ್ಚಿಯ ಬಾವ್‌ಗ್ವೇಗೆ ಏರಿದ್ದು ಬರೀ ಎಂಟುನೂರು ಗ್ರಾಂ. ಎಲ್ಲರೂ ಇವರನ್ನು ನೋಡಿ ಕಲಿಯಿರಿ ಎಂದು ಯಾನ್ ಇಡೀ ಕೋಣೆಗೆ ಕೇಳುವಂತೆ ಹೊಗಳಿದಳು. ಕಲಿಯುವುದೇನು, ಮಣ್ಣು! ಬಾವ್‌ಗ್ವೇ ಡಯಾಲಿಸಿಸ್‌ಗೆ ಬಂದು ಇನ್ನೂ ಏಳು ತಿಂಗಳು. ಅವಳಿಗೆ ಉಚ್ಚೆ ಬರುತ್ತದೆ. ಸೂಜಿ ಚುಚ್ಚುವ ಮೊದಲು ಬಚ್ಚಲಿಗೆ ಹೋಗಿಬಂದಳು, ನೀರು ಸುರಿದ ಸದ್ದೂ ಕೇಳಿಸಿತು. ನನಗೆ ನಿಂತು ಮೂರು ವರ್ಷ. ಈ ಐವತ್ತೊಂಬತ್ತನೇ ವಯಸ್ಸಿನಲ್ಲಿ ಇನ್ನೊಬ್ಬಳ ಉಚ್ಚೆಗೂ ಹೊಟ್ಟೆಕಿಚ್ಚು ಪಡುವ ಕಾಲ ಬಂತಲ್ಲ.

ಅಕ್ಟೋಬರ್ 3, ಗುರುವಾರ

ಅವಳ ಗಂಡನ ಕಿಡ್ನಿ ಹೊಂದುತ್ತದಂತೆ. ಇಪ್ಪತ್ಮೂರಕ್ಕೆ ಆಪರೇಷನ್.

ಗಂಡ ತ್ಸಾಯ್ ಬಂದು ಎಲ್ಲರಿಗೂ ಕಡಲೆಕಾಯಿ ಮಿಠಾಯಿ ಹಂಚಿದ. ಡಯಾಲಿಸಿಸ್ ಕೋಣೆಯಲ್ಲಿ ಕಡಲೆಕಾಯಿ! ಯಾರೂ ತಿನ್ನುವಂತಿಲ್ಲ, ಎಲ್ಲರೂ ನಗುತ್ತ ಜೇಬಿಗೆ ಹಾಕಿಕೊಂಡರು. ನಾನೂ ನಕ್ಕೆ. ಪುಣ್ಯ ಮಾಡಿದ್ದೀಯಮ್ಮ ಎಂದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಸುಳ್ಳು. ಇವಳಿಗೆ ಎರಡೂ ಇವೆ.

ನನ್ನ ತಂಗಿ ಲೀಫೆನ್... ಎರಡು ವರ್ಷದ ಹಿಂದೆ, ಹೊಸ ವರ್ಷದ ಹಿಂದಿನ ರಾತ್ರಿಯ ಊಟದಲ್ಲಿ, ಅಕ್ಕ, ನಂದೊಂದು ತಗೋ ಅಂದಿದ್ದಳು. ಎಲ್ಲರೂ ಅತ್ತರು. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ನಾನು ಕೇಳಲಿಲ್ಲ. ಈಗ ಫೋನ್ ಮಾಡಿದರೆ ಬರೀ ಹವೆಯ ವಿಷಯ.

ಅಕ್ಟೋಬರ್ 4, ಶುಕ್ರವಾರ

ಸೊಪ್ಪು ಬೇಯಿಸಿ ನೀರು ಚೆಲ್ಲಿದೆ. ಪೊಟ್ಯಾಶಿಯಂ ಹೋಗಲಿ ಎಂದು. ರುಚಿಯೂ ಹೋಯಿತು. ಬಾಯಿ ಒಣಗಿದಾಗ ಒಂದು ಐಸ್ ತುಂಡು.

ಮೊದಲ ವರ್ಷ ಡಾಕ್ಟರು ಹೇಳಿದ್ದರು: ನೀವು ಏನೇ ತಿನ್ನಿ, ಎಷ್ಟೇ ಬೆವರಿ, ರಕ್ತದಲ್ಲಿ ಉಪ್ಪು, ನೀರು, ಹುಳಿ ಎಲ್ಲ ಇದ್ದಷ್ಟೇ ಇರುವಂತೆ, ಕಿಡ್ನಿ ಸರಿಯಿದ್ದಾಗ, ಮೈಯೇ ನೋಡಿಕೊಳ್ಳುತ್ತದೆ, ನಿಮ್ಮನ್ನು ಒಂದು ಮಾತೂ ಕೇಳುವುದಿಲ್ಲ. ಐವತ್ತಾರು ವರ್ಷ ನನ್ನ ಮೈಯೂ ಹಾಗೆ ದುಡಿದಿತ್ತು. ಒಂದು ದಿನವೂ ನೆನೆದವಳಲ್ಲ ನಾನು. ಈಗ ವಾರಕ್ಕೆ ಮೂರು ಸಲ, ನಾಲ್ಕು ಗಂಟೆ, ಯಂತ್ರ ಬಂದು ಸರಿಮಾಡಬೇಕು. ಬಾವ್‌ಗ್ವೇಗೆ ಇಪ್ಪತ್ಮೂರರಿಂದ ಅದೂ ಬೇಡ.

ಅಕ್ಟೋಬರ್ 5, ಶನಿವಾರ, ಮಧ್ಯಾಹ್ನ

ಇದನ್ನು ಬರೆಯಬೇಕೋ ಬೇಡವೋ.

ಬಾವ್‌ಗ್ವೇಗೆ ಕೆಮ್ಮು. ಕೆಮ್ಮು ಇದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆಂದು ಹೆದರಿ ಸಾಯುತ್ತಿದ್ದಾಳೆ. ಸೂಜಿ ತೆಗೆದು ಇಬ್ಬರೂ ತೋಳು ಒತ್ತಿಕೊಂಡು ಕೂತಿದ್ದೆವು. ತ್ಸಾಯ್ ಫ್ಲಾಸ್ಕ್ ತಂದ. ಊರಿಂದ ಅವನಮ್ಮ ಕಳಿಸಿದ ಔಷಧಿಯಂತೆ, ಬೆಳಿಗ್ಗೆ ಸಂಜೆ ಎರಡೆರಡು ಲೋಟ. ಬಾವ್‌ಗ್ವೇ ಮುಚ್ಚಳಕ್ಕೆ ಬಗ್ಗಿಸಿ ಮೊದಲು ನನ್ನ ಮುಂದೆ ಹಿಡಿದಳು.

"ಒಂದು ಗುಟುಕು ಕುಡೀರಿ ಅಕ್ಕ. ಗಂಟಲಿಗೆ ಹಿತವಾಗಿರುತ್ತೆ."

ಬಿಸಿ ಹಬೆ ಮುಖಕ್ಕೆ ಬಡಿಯಿತು. ಹುಳಿ, ಉಪ್ಪು, ವರ್ಷಗಟ್ಟಲೆ ಭರಣಿಯಲ್ಲಿ ಕೂತ ವಾಸನೆ. ಧಾರೆಹುಳಿ. ಅಡ್ಡ ಕೊಯ್ದರೆ ನಕ್ಷತ್ರವಾಗುವ ಹಣ್ಣು. ಉಪ್ಪು ಹಾಕಿ ಇಟ್ಟು, ಆ ನೀರು ಬಿಸಿ ಮಾಡಿ ಕುಡಿದರೆ ಗಂಟಲಿಗೆ ಒಳ್ಳೆಯದು — ನಮ್ಮ ತೈನಾನ್‌ನ ಯಾವ ಅಜ್ಜಿಯಾದರೂ ಹೇಳುತ್ತಾಳೆ. ಕಿಡ್ನಿ ಹೋದವರಿಗೆ ಅದೇ ವಿಷ. ಮೂರನೇ ಕುರ್ಚಿಯ ಕೆ ಎನ್ನುವ ಅಜ್ಜ ಅರ್ಧ ಹಣ್ಣು ತಿಂದಿದ್ದರು. ಬಿಕ್ಕಳಿಕೆ ಶುರುವಾಯಿತು, ಮಾತು ತೊದಲಿತು, ಐದನೇ ದಿನ ಹೋದರು. ಆಗ ಬಾವ್‌ಗ್ವೇ ಇಲ್ಲಿ ಇರಲಿಲ್ಲ. ಗೋಡೆಯ ಮೇಲಿನ ತಿನ್ನಬಾರದವುಗಳ ಪಟ್ಟಿಯಲ್ಲಿ ಆ ಹಣ್ಣಿನ ಚಿತ್ರವಿದೆ. ಫ್ಲಾಸ್ಕಿನ ಚಿತ್ರವಿಲ್ಲ.

"ಬೇಡಮ್ಮ, ನನ್ನ ಇವತ್ತಿನ ನೀರಿನ ಲೆಕ್ಕ ಮುಗೀತು" ಅಂದೆ.

ಅಷ್ಟೇ ಅಂದೆ. ಅವಳು ಕುಡಿದಳು. ನಾನು ನೋಡಿದೆ.

ಅಕ್ಟೋಬರ್ 6, ಭಾನುವಾರ

ಅಂಗಡಿಗೆ ಹೋಗಲಿಲ್ಲ.

ಮೂಗಿಗೆ ಮೋಸವಾಗಿರಬಹುದು. ಪ್ಲಮ್ ಹಣ್ಣಿನದಿರಬಹುದು. ಅವಳಿಗೆ ಉಚ್ಚೆ ಬರುತ್ತದಲ್ಲ, ಹೊರಗೆ ಹೋಗಿಬಿಡುತ್ತದೆ. ನಾನೇನು ಡಾಕ್ಟರೇ? ಯಾನ್ ನೋಡಿಕೊಳ್ಳಬೇಕಿತ್ತು.

ಮೂವತ್ತು ವರ್ಷ ಬೆಳಗಿನ ಜಾವ ಎದ್ದು ಮೀನು ಮೂಸಿ ಕೊಂಡವಳು ನಾನು. ಪ್ಲಮ್ಮೂ ಅಲ್ಲ, ಮಣ್ಣೂ ಅಲ್ಲ.

ಮಂಗಳವಾರದವರೆಗೆ ಅವಳಿಗೆ ಯಂತ್ರವಿಲ್ಲ.

ಅಕ್ಟೋಬರ್ 7, ಸೋಮವಾರ, ಬೆಳಿಗ್ಗೆ 9

ಫೋನ್ ಮಾಡಿದೆ. ಕೆಮ್ಮು ಹೇಗಿದೆ ಎಂದು ಕೇಳುವ ನೆಪ. ತ್ಸಾಯ್ ಎತ್ತಿದ. ಕೆಮ್ಮು ನಿಂತಿದೆಯಂತೆ, ಖುಷಿಯಾಗಿ ಹೇಳಿದ. ನಿನ್ನೆ ಸಂಜೆಯಿಂದ ಬಿಕ್ಕಳಿಕೆ ಮಾತ್ರ ಬಿಡುತ್ತಿಲ್ಲ. ಬೆಳಿಗ್ಗೆ ಅವನನ್ನು ಅವಳ ಅಣ್ಣನ ಹೆಸರಿನಿಂದ ಕರೆದಳಂತೆ. ನಿದ್ದೆಗಣ್ಣು ಇರಬೇಕು ಅಂದ.

ಅವನ ಮಾತು ಮುಗಿಯಲು ಬಿಡಲಿಲ್ಲ ನಾನು.

"ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಧಾರೆಹುಳಿ ಕುಡಿದಿದ್ದಾಳೆ ಅಂತ ಬಾಗಿಲಲ್ಲೇ ಹೇಳಿ."

"ಆಸ್ಪತ್ರೆಯವರು ಬೇಡ ಅಂದಿದ್ದು ಹಣ್ಣು ತಾನೇ ಅಕ್ಕ? ಇದು ಔಷಧಿ, ನೀರು..."

ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಗಂಜಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಅಕ್ಟೋಬರ್ 8, ಮಂಗಳವಾರ

ಏಳನೇ ಕುರ್ಚಿ ಖಾಲಿ. ತುರ್ತು ಘಟಕದಲ್ಲಿ ನಿನ್ನೆ ಎಂಟು ಗಂಟೆ ಕಾಲ ಯಂತ್ರಕ್ಕೆ ಹಾಕಿದರಂತೆ. ಫಿಟ್ಸ್ ಬಂತಂತೆ ಒಮ್ಮೆ. ಬದುಕಿದ್ದಾಳೆ. ಲೀಜೂ ಅಕ್ಕ ಫೋನ್ ಮಾಡದಿದ್ದರೆ ಉಳಿಯುತ್ತಿರಲಿಲ್ಲ ಎಂದು ಯಾನ್ ನನ್ನತ್ತ ಕೈ ತೋರಿಸಿ ಎಲ್ಲರ ಮುಂದೆ ಹೇಳಿದಳು. ಕುರ್ಚಿ ಕುರ್ಚಿಯಿಂದ ಚಪ್ಪಾಳೆ, ಒಂದೊಂದೇ ಕೈಯಲ್ಲಿ ತೊಡೆ ತಟ್ಟಿ — ಇನ್ನೊಂದು ಕೈಗೆ ಸೂಜಿಯಲ್ಲವೇ.

ಆಪರೇಷನ್ ಮುಂದೂಡಿದ್ದಾರೆ. ಯಾವಾಗ ಎಂದು ಗೊತ್ತಿಲ್ಲ. ಅದನ್ನು ಕೇಳಿದ ಕೂಡಲೆ ಖುಷಿಯಾಯಿತು. ಒಂದು ಕ್ಷಣ. ಬರೆದೇ ಬಿಡುತ್ತೇನೆ: ಆಯಿತು.

ಅಕ್ಟೋಬರ್ 17, ಗುರುವಾರ

ಬಂದಳು. ಮೈ ಇಳಿದಿದೆ. ಒಂದು ಪದಕ್ಕೂ ಇನ್ನೊಂದಕ್ಕೂ ಮಧ್ಯೆ ಹುಡುಕುತ್ತಾಳೆ. ಉಚ್ಚೆ ಕಡಿಮೆಯಾಗಿದೆಯಂತೆ, ನೀರಿನ ತೂಕ ಎರಡು ಕೆಜಿ ಏರಿದೆ. ಈಗ ಅವಳೂ ನನ್ನ ಹಾಗೆಯೇ. ಇದೇ ತಾನೇ ಬೇಕಿತ್ತು ನನಗೆ.

ತ್ಸಾಯ್ ಸೊಂಟ ಬಗ್ಗಿಸಿ ಮೂರು ಸಲ ನಮಸ್ಕರಿಸಿದ. ನೀವು ಅವಳ ಎರಡನೇ ತಾಯಿ ಅಂದ. ಕಣ್ಣು ಒರೆಸಿಕೊಂಡು ಕೆಳಗೆ ಗಾಡಿ ತೆಗೆಯಲು ಹೋದ. ಅವನು ಹೋಗುವವರೆಗೂ ಬಾವ್‌ಗ್ವೇ ಸುಮ್ಮನಿದ್ದಳು.

"ಫ್ಲಾಸ್ಕಲ್ಲಿ ಏನಿದೆ ಅಂತ ನಾನು ನಿಮಗೆ ಹೇಳಿರಲೇ ಇಲ್ಲ, ಅಕ್ಕ."

ನಾನು ತೋಳಿನ ಹತ್ತಿಯನ್ನು ಇನ್ನಷ್ಟು ಒತ್ತಿಕೊಂಡೆ.

"ಇವರಿಗೆ ಹೇಳಿಲ್ಲ. ಹೇಳೋದೂ ಇಲ್ಲ."

ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಸಮಾಧಾನವಾಗುತ್ತಿತ್ತು. ಇಷ್ಟಾದರೂ ಸುಮ್ಮನಿರಬಲ್ಲಳಲ್ಲ — ಥೂ, ಅದಕ್ಕೂ ಹೊಟ್ಟೆ ಉರಿಯಿತು.

ಅಕ್ಟೋಬರ್ 19, ಶನಿವಾರ

ಕುರ್ಚಿ ಬದಲಿಸಿಕೊಡು ಎಂದು ಯಾನ್‌ಳನ್ನು ಕೇಳಿದೆ. ಖಾಲಿ ಇಲ್ಲವಂತೆ. ನಾಲ್ಕು ಗಂಟೆ ಪಕ್ಕದಲ್ಲೇ ಮಲಗಿದ್ದೆವು. ಮೂರನೇ ಗಂಟೆಯಲ್ಲಿ ಅವಳು ತಲೆ ಮಾತ್ರ ಈ ಕಡೆ ತಿರುಗಿಸಿ ಕೇಳಿದಳು. "ಯಾಕಕ್ಕ?"

ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಮಂಗಳವಾರ ಮತ್ತೆ ಕೇಳುತ್ತಾಳೆ. ಉತ್ತರ ಏನೂ ದೊಡ್ಡದಲ್ಲ. ಇಲ್ಲಿ ಬರೆದು ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ.

ಬಾವ್‌ಗ್ವೇ, ನಿನಗೆ ಕೊಡುವವರಿದ್ದರು. ನನಗೆ...