ಕೇಳದೇ ಉಳಿದ ಎರಡು ನೋ ಟ್ರಂಪ್

ಜನವರಿ ೫, ರವಿವಾರ. ಸಂಜೆ

ಕ್ಲಬ್ಬಿನಿಂದ ಈಗ ಬಂದೆ. ಬ್ರಿಜ್‌ನಲ್ಲಿ ಇವತ್ತೂ ನಾವೇ ಗೆದ್ದದ್ದು. ನನ್ನ ಜೋಡಿ ಸಿದ್ದಾರೂಢಣ್ಣ ಖುಷಿಗೆ ಎರಡು ಚಹಾ ಕುಡಿದು ಬನಹಟ್ಟಿ ಬಸ್ಸು ಹತ್ತಿದರು. ಜಮಖಂಡಿ ದಾಟಿದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಮನೆ ಮುಟ್ಟಲು ತಾಸಾದರೂ ಬೇಕು.

ಇಸ್ಪೀಟಿನ ಎಲೆ ಡಬ್ಬಿಗೆ ಹಾಕುವಾಗ ಪರಮಾನಂದ ಸುಮ್ಮನೆ ಒಂದು ಮಾತು ಬಿಟ್ಟರು. ಮುಧೋಳದವರು, ನೀರಾವರಿ ಇಲಾಖೆಯ ರಿಟೈರ್ಡ್ ಎಂಜಿನಿಯರ್, ವಾರವಾರ ನಮ್ಮೆದುರು ಸೋಲುವವರು.

"ಅಕ್ಕೋರ, ನಾಕ ವರ್ಷಾತು ನಿಮ್ಮ ಮುಂದ ಕುಂತು. ನಿಮ್ಮ ಬಾಯಾಗ ಎರಡ ನೋ ಟ್ರಂಪ್ ಅನ್ನೂದು ಒಮ್ಮಿನೂ ಕೇಳಿಲ್ಲ ನೋಡ್ರಿ."

"ನನಗ ಬೇಕಾಗಿಲ್ರಿ," ಅಂದೆ. ನಕ್ಕೆ ಬೇರೆ. ಎಂಥ ಜಂಬ.

ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಕೂತಿದೆ. ಊಟ ಮಾಡಿದರೂ ಹೋಗಿಲ್ಲ.

ಜನವರಿ ೬, ಸೋಮವಾರ

ಅರವತ್ತು ಫಿಸಿಕ್ಸ್ ಜರ್ನಲ್ ತಿದ್ದುವುದಿತ್ತು. ತಿದ್ದಲಿಲ್ಲ. ಆಟದ ನೋಟ್‌ಬುಕ್ ತೆಗೆದು ಕೂತೆ. ನಾಲ್ಕು ವರ್ಷದ ಎಲ್ಲ ಕೈಗಳೂ ಅದರಲ್ಲಿವೆ, ನನ್ನವು, ಸಿದ್ದಾರೂಢಣ್ಣನವು.

ನಮ್ಮ ಮನೆಯವರು ಕೋರ್ಟಿನಿಂದ ಬಂದು, "ಏನ ಹುಡುಕಲಿಕ್ಕತ್ತೀ?" ಅಂದರು. ವಕೀಲಿ ಒಂದೇ ಗೊತ್ತು, ಎಲೆಯ ಗಂಧವಿಲ್ಲದ ಮನುಷ್ಯ. ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಬ್ರಿಜ್ ಜೋಡಿಯ ಆಟ. ಜೋಡಿ ಎದುರಿಗೆ ಕೂತಿರುತ್ತದೆ. ಅವರ ಕೈಯಲ್ಲಿ ಏನಿದೆ ಅನ್ನುವುದು ಅವರು ಕೂಗುವ ಬಿಡ್‌ನಿಂದಲೇ ನನಗೆ ತಿಳಿಯಬೇಕು, ಮುಖ ನೋಡಿ ಅಲ್ಲ. ಎಕ್ಕಕ್ಕೆ ನಾಲ್ಕು ಪಾಯಿಂಟ್, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಸಿದ್ದಾರೂಢಣ್ಣ "ಒಂದು ನೋ ಟ್ರಂಪ್", ಅಂದರೆ ತುರುಪಿಲ್ಲದ ಆಟ, ಕೂಗಿದರೆ ಅವರ ಹತ್ತಿರ ಹದಿನೈದರಿಂದ ಹದಿನೇಳು. ನನ್ನ ಹತ್ತಿರ ಎಂಟಿವೆ ಅನ್ನೋಣ. ಅವರದು ಹದಿನೇಳಾದರೆ ಮೂರಕ್ಕೆ ಏರಬೇಕು, ಅಂಕ ದೊಡ್ಡದು. ಹದಿನೈದಾದರೆ ಸುಮ್ಮನೆ ಪಾಸ್. ಯಾವುದು ಅಂತ ತಿಳಿಯಬೇಕಾದರೆ ನಾನು "ಎರಡು ನೋ ಟ್ರಂಪ್" ಅನ್ನಬೇಕು. ಅದೇ ಪ್ರಶ್ನೆ. ಹೆಚ್ಚಿದ್ದರೆ ಅವರು ಮೂರು ಅನ್ನುತ್ತಾರೆ, ಕಮ್ಮಿ ಇದ್ದರೆ ಪಾಸ್.

"ಮತ್ತ ನೀ ಕೇಳಿಲ್ಲೇನು?"

"ಒಮ್ಮೆನೂ ಕೇಳಿಲ್ರಿ."

ಇಂಥ ಕೈ ಒಟ್ಟು ಮೂವತ್ತೊಂದು. ಒಂದರಲ್ಲೂ ಕೇಳಿಲ್ಲ, ನೆಟ್ಟಗೆ ಮೂರು ಇಲ್ಲವೇ ನೆಟ್ಟಗೆ ಪಾಸ್. ಇಪ್ಪತ್ತೊಂಬತ್ತರಲ್ಲಿ ಸರಿ. ಯಾವುದಾದರೂ ಹುಡುಗ ಇಂಥ ರೀಡಿಂಗ್ ತಂದು ತೋರಿಸಿದ್ದರೆ "ಯಾರ ಜರ್ನಲ್ ನೋಡಿ ಬರದಿ?" ಅಂತ ಕೇಳಿರುತ್ತಿದ್ದೆ.

ನಾನು ಯಾರದು ನೋಡಿ ಬರೆದೆ?

ಜನವರಿ ೧೨, ರವಿವಾರ

ಗೊತ್ತಾಯಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಮೂರನೇ ಕೈ. ಸಿದ್ದಾರೂಢಣ್ಣ ಒಂದು ನೋ ಟ್ರಂಪ್ ಅಂದರು. ನನ್ನಲ್ಲಿ ಎಂಟು. "ಮೂರು" ಅನ್ನಲು ಬಾಯಿ ತೆರೆದಾಗಿತ್ತು. ತಡೆದೆ. ಯಾಕೆ ಮೂರು? ಕಣ್ಣು ಎಲ್ಲಿದೆ ಅಂತ ನೋಡಿಕೊಂಡೆ. ಅವರ ಬಲಗೈ ಮೇಲಿತ್ತು.

ನಮ್ಮ ಟೇಬಲ್ಲಿನ ಹಾಸು ಅವರದೇ ಮಗ್ಗದ್ದು. ಕ್ಲಬ್ಬು ಸೇರಿದ ವರ್ಷ ನೇಯಿಸಿ ಕೊಟ್ಟದ್ದು. ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಿದ್ದರು, ಸೀರೆಯ ಪೋತು, ನೇಯ್ಗೆಯ ಹದ, ನೋಡುವವರ ಹಾಗೆ. ಕೈ ತುಂಬಿದ್ದರೆ ತಿಕ್ಕುತ್ತಾರೆ. ಕೈ ತೆಳುವಿದ್ದರೆ ಬೆರಳು ತೊಡೆಯ ಮೇಲೆ ಬಿದ್ದಿರುತ್ತದೆ. ನಾಲ್ಕು ವರ್ಷದಿಂದ ಹೀಗೇ.

ಅವರಿಗೆ ಇದು ಗೊತ್ತಿಲ್ಲ, ಆಣೆ ಮಾಡಿ ಹೇಳುತ್ತೇನೆ. ನನಗೂ ಗೊತ್ತಿರಲಿಲ್ಲ... ಖರೆ ಬರಿ ಮೃಣ್ಮಯಿ, ಓದುವವರು ಯಾರೂ ಇಲ್ಲ. ಅರ್ಧ ಗೊತ್ತಿತ್ತು. ಕಣ್ಣಿಗೆ ಗೊತ್ತಿತ್ತು, ತಲೆ ವಿಚಾರಿಸಲು ಹೋಗಿರಲಿಲ್ಲ.

ಪಾಸ್ ಅಂದೆ. ಉತ್ತರ ಗೊತ್ತಿದ್ದ ಮೇಲೆ ಎರಡು ಅಂತ ಕೇಳುವುದು ಹೇಗೆ? ಗೆಲ್ಲುವ ಕೈ ಬಿಟ್ಟುಕೊಟ್ಟೆ. ಮುಂದಿನ ಸಲ ಅವರ ಬೆರಳು ಸುಮ್ಮನಿತ್ತು. ಹಟಕ್ಕೆ ಬಿದ್ದು ಮೂರು ಅಂದೆ. ಕೂಗಿದ್ದಕ್ಕಿಂತ ಮೂರು ಟ್ರಿಕ್ ಕಮ್ಮಿ ಗೆದ್ದೆವು. ಆಮೇಲೆ ಫ್ಯಾನ್ ನೋಡುತ್ತ ಆಡಿದೆ. ಫ್ಯಾನ್ ನೋಡುತ್ತ ಬಿಡ್ ಮಾಡಲು ಬರುವುದಿಲ್ಲ.

"ಯಾಕ್ರಿ ಅಕ್ಕೋರ, ಆರಾಮ ಇಲ್ಲೇನ?"

"ತಲಿ ನೋಯಲಿಕ್ಕತ್ತದ್ರಿ ಅಣ್ಣಾರ."

ಡಿಸೆಂಬರಿನಲ್ಲಿ ಮುಧೋಳದ ಟೂರ್ನಮೆಂಟಿನಲ್ಲಿ ಗೆದ್ದ ಕಪ್ಪು ಎದುರಿನ ಶೋಕೇಸಿನಲ್ಲಿದೆ. ಎರಡನೆಯವರು ಪರಮಾನಂದ, ಅವರ ಜೋಡಿ ಗೋಪಾಲ. ಗೆದ್ದದ್ದು ಕೊನೆಯ ಒಂದು ಕೈಯಲ್ಲಿ. ಆ ಕೈಯಲ್ಲಿ ನನ್ನ ಪಾಯಿಂಟು ಎಂಟೇ. ನೋಟ್‌ಬುಕ್ ನೋಡಿ ಖಾತ್ರಿ ಮಾಡಿಕೊಂಡೆ.

ಜನವರಿ ೧೪. ಸಂಕ್ರಾಂತಿ

ಇವರ ತೀರ್ಪು: "ಉದ್ದೇಶ ಇದ್ದಿದ್ದಿಲ್ಲ, ಅಪರಾಧ ಅಲ್ಲ. ಸಾಕ್ಷಿನೂ ಇಲ್ಲ. ಸುಮ್ಮನ ಮಾದಲಿ ಉಣ್ಣು."

ಫೀ ಇಲ್ಲದ ವಕೀಲಿ, ಹೀಗೇ ಇರುತ್ತದೆ. ಮೊದಲಿನ ನಾಲ್ಕು ವರ್ಷಕ್ಕೆ ಇವರ ಮಾತು ಒಪ್ಪಿದೆ. ಆದರೆ ಮುಂದಿನ ರವಿವಾರಕ್ಕೆ? ಈಗ ಗೊತ್ತಾಗಿದೆಯಲ್ಲ. ನೋಡಿ ಆಡಿದರೆ ಕಳ್ಳಿ. ಹೇಳಿದರೆ ಸಿದ್ದಾರೂಢಣ್ಣನ ಮರ್ಯಾದೆ ಹೋಗುತ್ತದೆ, ಮುದುಕ ಮನುಷ್ಯ. ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ: "ನನ್ನ ಬಿಡ್ ಅಂದ್ರ ಅಕ್ಕೋರಿಗೆ ಕನ್ನಡಿ ಇದ್ದಂಗ."

ಸಂಜೆ ಅವರೇ ಫೋನ್ ಮಾಡಿದರು. ಎಳ್ಳು ಬೆಲ್ಲ ತಿಂದು ಎಳ್ಳು ಬೆಲ್ಲದ ಹಾಗೆ ಇರೋಣ ಅಂದರು. ಹೂಂ ಅಂದೆ. ಕುಸುರೆಳ್ಳು ಬಾಯಲ್ಲಿತ್ತು, ಸಿಹಿ ಹತ್ತಲಿಲ್ಲ.

ಜನವರಿ ೧೯, ರವಿವಾರ

ಹೋಗಲಿಲ್ಲ. ಪ್ರಾಕ್ಟಿಕಲ್ ತಯಾರಿ ಅಂತ ಮೆಸೇಜ್ ಹಾಕಿದೆ. ಸುಳ್ಳಲ್ಲ. ಖರೆಯೂ ಅಲ್ಲ.

ಜನವರಿ ೨೬, ರವಿವಾರ

ಕಾಲೇಜಿನಲ್ಲಿ ಝಂಡಾ. ಮಧ್ಯಾಹ್ನ ಬಿಡುವಿತ್ತು. ಹೋಗಲಿಲ್ಲ.

ಜನವರಿ ೩೦, ಗುರುವಾರ. ಸಂಜೆ ಆರು

ಶಂಕ್ರೆವ್ವನವರ ಫೋನು. ಸಿದ್ದಾರೂಢಣ್ಣನ ಹೆಂಡತಿ. ನನಗೆ ಎಂದೂ ಫೋನ್ ಮಾಡಿದವರಲ್ಲ.

"ಅಕ್ಕೋರ, ನಿಮಗೇನರ ಬ್ಯಾಸರಾಗೇತೇನ್ರಿ ಇವ್ರ ಮ್ಯಾಲೆ? ಇಸ್ಪೀಟಿನ ಡಬ್ಬಿ ಮ್ಯಾಲ ಅಟ್ಟಕ್ಕ ಇಟ್ಟಾರ. 'ನನಗ ಅರವು ಮರವು ಆಗಾಕತ್ತೇತಿ, ತಪ್ಪ ಆಡಾಕತ್ತೇನಿ, ಅಕ್ಕೋರು ಸಂಕೋಚಕ್ಕ ಹೇಳವಲ್ರು' ಅಂತಾರ. ನಿನ್ನೆ ಡಾಕ್ಟರ ಕಡೆ ಹೋಗಿ ತಲಿ ಫೋಟೋ ತಗಸೂಣಂತ ಕುಂತಿದ್ರು."

ನನ್ನ ಕಣ್ಣಿನ ಕಳವಿಗೆ ಅವರು ತಮ್ಮ ತಲೆಯನ್ನು ಸಂಶಯಿಸುತ್ತ ಕೂತಿದ್ದಾರೆ. ಇಷ್ಟು ದಿನ ನಾನು ಕಾಪಾಡಿದ್ದು ಅವರ ಮರ್ಯಾದೆಯನ್ನಲ್ಲ, ನನ್ನದನ್ನು. ನಾಚಿಕೆ ಆಗಬೇಕು. ಆಗಿದೆ.

"ಶನಿವಾರ ಬರ್ತೀನ್ರಿ. ಡಾಕ್ಟರ ಕಡೆ ಹೋಗಬ್ಯಾಡ್ರಿ," ಅಂದೆ.

ಫೆಬ್ರವರಿ ೧, ಶನಿವಾರ

ಬನಹಟ್ಟಿ. ಮಗ್ಗದ ಶೆಡ್ಡಿನಲ್ಲಿ ಮಾತಾಡಲು ಆಗುವುದಿಲ್ಲ, ಕಿವಿ ಗಡಚಿಕ್ಕುವ ಸದ್ದು. ಅವರು ಇಳಿಸಿದ ಸೀರೆಯೊಂದರ ಅಂಚು ಹಿಡಿದು ನಿಂತಿದ್ದರು. ಅದೇ ಹೆಬ್ಬೆರಳು, ಅದೇ ತೋರುಬೆರಳು.

ಹಿತ್ತಲಿಗೆ ಕರೆದುಕೊಂಡು ಹೋದರು. ಪೀಠಿಕೆ ತಯಾರು ಮಾಡಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ಹೇಳಿಬಿಟ್ಟೆ. ಹಾಸಿನ ಅಂಚು, ಬೆರಳು, ಮೂವತ್ತೊಂದು ಕೈ, ಕಪ್ಪು. ಎಲ್ಲ.

ಅವರು ತಮ್ಮ ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹನ್ನೆರಡ ವರ್ಷದಾಂವ ಇದ್ದಾಗಿಂದ ಅರವಿ ಹಿಡದೇನ್ರಿ. ಛಲೋದ ಕೈಗೆ ಬಂದ್ರ ಬೆರಳ ತಾನ ಹೋಗತೈತಿ. ಎಲಿನೂ ಹಂಗ ನೋಡತೀನಿ ಅಂತ ಗೊತ್ತಿದ್ದಿಲ್ಲ."

"ತಪ್ಪು ನನ್ನದ್ರಿ ಅಣ್ಣಾರ. ನೋಡಿದಾಕಿ ನಾನು."

ಅವರು ಬೇರೇನೋ ಯೋಚನೆಯಲ್ಲಿದ್ದರು.

"ಹಂಗಾರ ಅಕ್ಕೋರ... ನನ್ನ ತಲಿ ಬರೋಬರಿ ಐತಿ?"

"ಬರೋಬರಿ ಅದ್ರಿ. ನಿಮ್ಮ ಬಿಡ್ ಒಂದೂ ತಪ್ಪಿಲ್ಲ. ಆ ದಿನ ಕೆಟ್ಟ ಆಡಿದಾಕಿ ನಾನು, ಬೇಕಂತ."

ಕಟ್ಟೆಯ ಮೇಲೆ ಕೂತುಬಿಟ್ಟರು. ನಕ್ಕರೋ ಅತ್ತರೋ ತಿಳಿಯಲಿಲ್ಲ, ಟವಲಿನಿಂದ ಮುಖ ಒರೆಸಿಕೊಂಡರು. "ಶಂಕ್ರಿ, ಚಾ ಇಡ," ಅಂತ ಒಳಗೆ ಕೂಗಿದರು. "ಅಟ್ಟದಾಗಿಂದು ಡಬ್ಬಿ ಇಳಸು."

ಕಪ್ಪಿನ ಮಾತು ಅವರೇ ತೆಗೆದರು. ಗೆದ್ದದ್ದಲ್ಲ ಅಂದಮೇಲೆ ಇಟ್ಟುಕೊಳ್ಳುವುದು ಹೇಗೆ. ನಾಳೆಯೇ ಹೇಳಿಬಿಡೋಣ, ಇಬ್ಬರೂ ಕೂಡಿ.

ಬಸ್ಸಿನಲ್ಲಿ ಕಿಟಕಿ ಹತ್ತಿರ ಸೀಟು ಸಿಕ್ಕಿತು. ತೇರದಾಳದ ಯಾರೋ ಹೆಂಗಸು ಭುಜದ ಮೇಲೆ ನಿದ್ದೆ ಹೋದಳು. ಎಬ್ಬಿಸಲಿಲ್ಲ. ಎಷ್ಟು ದಿನದ ಮೇಲೆ ಉಸಿರು ಸರಿಯಾಗಿ ಆಡಿತು.

ಫೆಬ್ರವರಿ ೨, ರವಿವಾರ

ಹೇಳಿದೆವು. ಕಪ್ಪು ತರಕಾರಿ ಚೀಲದಲ್ಲಿ ಒಯ್ದಿದ್ದೆ.

ಗೋಪಾಲ ಬಾಯಿ ತೆರೆದುಕೊಂಡು ಕೂತರು. ಪರಮಾನಂದ ಮಾತ್ರ ಎಲೆ ಕಲಸುವುದನ್ನು ನಿಲ್ಲಿಸಲೇ ಇಲ್ಲ.

"ನನಗ ದೀಪಾವಳಿಂದ ಗೊತ್ತೈತ್ರಿ. ಬೆರಳ ನೋಡೇ ಡಬಲ್ ಕೊಡತಿದ್ನಿ, ನೀವು ಸೋತ್ರ ನಮಗ ಎರಡ ಪಟ್ಟ ಅಂಕ."

"ನೀವೂ ನೋಡತಿದ್ರೇನು?" ನನಗೆ ಸಿಟ್ಟೇ ಬಂತು.

"ನಮಗ ನೋಡಾಕ ಪರವಾನಗಿ ಐತ್ರಿ ಅಕ್ಕೋರ. ರೂಲ್ ಬುಕ್ ತಗೀರಿ. ಎದುರಾಳಿ ನೋಡಬಹುದು, ಲುಕ್ಸಾನಾದ್ರ ಅವನ ಹಣೆಬರ. ಜೋಡಿ ನೋಡುವಂಗಿಲ್ಲ. ನೀವು ತಿಳದ ಮಾಡಾಕತ್ತೀರೋ ತಿಳೀದನೋ ಅಂತ ನೋಡಾಕ ಆವತ್ತ ಆ ಮಾತು ಒಗದಿದ್ನಿ. ಎರಡ ವಾರ ಬರಲಿಲ್ಲಲ್ಲ, ತಿಳೀದನ ಮಾಡಿದ್ರಿ ಅಂತ ಆವಾಗ ಗೊತ್ತಾತು."

ರೂಲ್ ಬುಕ್ ತೆಗೆದು ನೋಡಿದೆ. ಇದೆ. ನಾಲ್ಕು ವರ್ಷದಲ್ಲಿ ಆ ಪುಟ ಓದಿರಲಿಲ್ಲ, ಮಕ್ಕಳಿಗೆ ಮಾತ್ರ ಸಿಲೆಬಸ್ ಓದಿ ಅಂತ ಬೈಯುತ್ತೇನೆ.

ಕಪ್ಪು ಮುಂದಿಟ್ಟೆ. ಬೇಡ ಬೇಡ ಇರಲಿ ಅನ್ನುತ್ತಾರೆ ಅಂದುಕೊಂಡಿದ್ದೆ, ಸುಳ್ಳೇಕೆ. "ಕೊಡ್ರಿ ಹಂಗಾರ," ಅಂತ ಪರಮಾನಂದ ತೆಗೆದುಕೊಂಡರು. ಕರ್ಚೀಫಿನಿಂದ ಒರೆಸಿ ಗೋಪಾಲರ ಕೈಗೆ ಕೊಟ್ಟರು. ಒಂದು ಕ್ಷಣ ಕರುಳು ಚುರ್ ಅಂದಿತು. ಆಮೇಲೆ ಏನೂ ಇಲ್ಲ, ಹಗುರ. ಹಲ್ಲು ಕೀಳಿಸಿಕೊಂಡು ಮನೆಗೆ ಬಂದವರಿಗೆ ಹೀಗೇ ಆಗುತ್ತದೇನೋ.

ಹಾಸನ್ನು ಸಿದ್ದಾರೂಢಣ್ಣನೇ ತೆಗೆದು ಮಡಚಿ ಕಪಾಟಿನಲ್ಲಿಟ್ಟರು. ಬರೀ ಕಟ್ಟಿಗೆಯ ಮೇಜು. ಆಡಿದೆವು. ಹೀನಾಯವಾಗಿ ಸೋತೆವು. ಸಿದ್ದಾರೂಢಣ್ಣ ಎರಡೂ ಕೈ ಮೇಜಿನ ಮೇಲೆ, ಫೋಟೋಕ್ಕೆ ಕೂತವರ ಹಾಗೆ, ಚಾಚಿಕೊಂಡೇ ಕೂತಿದ್ದರು. ನಕ್ಕು ನಕ್ಕು ಎಲೆ ಕಾಣಲಿಲ್ಲ ನನಗೆ.

ಫೆಬ್ರವರಿ ೯, ರವಿವಾರ. ರಾತ್ರಿ ಊಟದ ನಂತರ

ಕೊನೆಯ ಕೈ. ಅವರು: ಒಂದು ನೋ ಟ್ರಂಪ್. ನನ್ನಲ್ಲಿ ಎಂಟು.

ಎಲ್ಲೂ ನೋಡಲಿಲ್ಲ, ನೋಡಲು ಏನೂ ಇರಲಿಲ್ಲ. ಅವರ ಹತ್ತಿರ ಎಷ್ಟಿವೆಯೋ ಖರೇನೇ ಗೊತ್ತಿರಲಿಲ್ಲ. ಸಾಲೆಯಲ್ಲಿ ಮೊದಲ ಸಲ ಕೈ ಎತ್ತಿ ಪ್ರಶ್ನೆ ಕೇಳಿದಾಗಲೂ ಇಷ್ಟು ಹೆದರಿರಲಿಲ್ಲ.

"ಎರಡು ನೋ ಟ್ರಂಪ್," ಅಂದೆ.

ಪರಮಾನಂದ ಎಲೆ ಕೆಳಗಿಟ್ಟು ಕೈ ಮುಗಿದರು. ಎಲ್ಲರೂ ನಕ್ಕರು. ಸಿದ್ದಾರೂಢಣ್ಣ ನಗಲಿಲ್ಲ. ಎಲೆ ನೋಡಿದರು, ಮಾಳಿಗೆ ನೋಡಿದರು, ನೀರು ಕುಡಿದರು. ಕೊನೆಗೆ, "ಮೂರು."

ಒಂದು ಟ್ರಿಕ್ ಕಮ್ಮಿ ಬಿತ್ತು. ಸೋತೆವು.

ಬಸ್ ಸ್ಟ್ಯಾಂಡಿನಲ್ಲಿ ಕೇಳಿದರು: "ಹದಿನಾರ ಇದ್ದೂವ್ರಿ. ಹದಿನಾರಕ್ಕ ಏರಬೇಕೋ ಸುಮ್ಮನ ಕುಂದರಬೇಕೋ, ನಮ್ಮದೇನ ಠರಾವ ಐತ್ರಿ?"

ಠರಾವೇ ಇಲ್ಲ. ನಾಲ್ಕು ವರ್ಷದ ಜೋಡಿ, ಇಡೀ ತಾಲೂಕಿಗೆ ಹೆಸರುವಾಸಿ, ಹದಿನಾರಕ್ಕೆ ಏನು ಮಾಡಬೇಕೆಂದು ಒಂದು ದಿನವೂ ಮಾತಾಡಿಲ್ಲ. ಬೇಕಾಗಿಯೇ ಇರಲಿಲ್ಲ. ನಾವು ಒಬ್ಬರನ್ನೊಬ್ಬರು ಕೇಳಿಯೇ ಇಲ್ಲ, ಮೊದಲ ಸಲ ಕೇಳಿದ್ದು ಇವತ್ತು. ಸೋತು ಇಷ್ಟು ಸಂತೋಷವಾಗಿ ಎಂದೂ ಮನೆಗೆ ಬಂದಿಲ್ಲ.

ಅವರು ಬಸ್ಸು ಹತ್ತಿದರು, ಮಾತು ಅರ್ಧಕ್ಕೆ ನಿಂತಿತು. ಹೊಸ ನೋಟ್‌ಬುಕ್ ತೆಗೆದಿದ್ದೇನೆ. ಮೊದಲ ಪುಟ, ಮೊದಲ ಸಾಲು: ಎರಡು ನೋ ಟ್ರಂಪ್ ಕೇಳಿದಾಗ. ಹದಿನೈದಿದ್ದರೆ ಪಾಸ್. ಹದಿನೇಳಿದ್ದರೆ ಮೂರು. ಹದಿನಾರಿದ್ದರೆ, ಹತ್ತರ ಎಲೆ ಒಂದೆರಡು ಜೊತೆಗಿದ್ದರೆ ಏರಬಹುದು ಅಂತ ನನಗನಿಸುತ್ತದೆ, ಆದರೆ ಅವರಿಗೆ ಏನನಿಸುತ್ತದೋ

ಫೋನು. ಅವರೇ. ಮನೆ ಮುಟ್ಟಿರಬೇಕು. ಹದಿನಾರಿದ್ದರೆ