ರಂಜಣಗಿಯ ನೀರು

11-4-2005, ಸೋಮವಾರ

ನಲ್ಲಿ ಐದೂವರೆಗೆ ಬಂತು. ಇವತ್ತೂ ಕಂದು ನೀರು. ಬೀದಿ ಕೊನೆಯಲ್ಲಿ ಯಾವುದೋ ಕೇಬಲ್ ಹಾಕಲು ಅಗೆದಾಗಿನಿಂದ ಹೀಗೇ. ಅವ್ವ ಹಳೇ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ ಸೋಸಿ, ಮಣ್ಣಿನ ರಂಜಣಗಿಗೆ ತುಂಬಿದಳು. ಕುದಿಸು ಎಂದೆ.

"ಕುದಿಸಿದ ನೀರಿಗೆ ರುಚಿ ಎಲ್ಲಿರ್ತೈತಿ? ಮೂವತ್ತು ವರ್ಷ ಆತು ಸನತ್‌ನಗರದ ನೀರು ಕುಡ್ಯಾಕತ್ತಿ. ಏನಾಗೈತಿ ನಮಗ?"

ವಾದಕ್ಕೆ ಟೈಮ್ ಇರಲಿಲ್ಲ. 8.10ರ ಬಸ್ಸು.

ಬೇಗಂಪೇಟೆ ಆಫೀಸು. ಜರ್ಮನಿಯ ಕ್ಲೈಂಟ್ ಬೆಳಗಿನ ಫ್ಲೈಟಿಗೆ ಬಂದಿಳಿದಿದ್ದಾರೆ. ಹೆಸರು ಡೀಟರ್. ಮೂರು ವಾರ ಕೂತು ನಮ್ಮವರು ಬರೆದ ಸಾಫ್ಟ್‌ವೇರ್ ಟೆಸ್ಟ್ ಮಾಡಿ ಸಹಿ ಹಾಕಬೇಕು. ಅವರ ಊಟ, ಕಾರು, ಸಿಮ್ ಕಾರ್ಡ್, ನೀರು — ಎಲ್ಲ ಅಡ್ಮಿನ್. ಅಂದರೆ ನಾನು. ಮ್ಯಾನೇಜರ್ ಭರತ ಒಂದು ಪುಟ ರೂಲ್ಸ್ ಕೊಟ್ಟರು. ಮೊದಲನೆಯದೇ ನೀರು: ಸೀಲ್ ಇದ್ದ ಬಾಟಲಿ ಮಾತ್ರ, ಸೀಲ್ ಅವರೇ ಒಡೆಯಬೇಕು. ಭರತ ಮೈಸೂರಿನವರು, ಬೈದರೂ ಮೆಲ್ಲಗೇ ಬೈಯುತ್ತಾರೆ.

"ನೋಡಿ ಗೋದಾವರಿ, ತಿಂಗಳ ಕೊನೇಲಿ ನಿಮ್ಮ ಕನ್ಫರ್ಮೇಶನ್ ಇದೆ. ಇದೊಂದು ಸರಿಯಾಗಿ ಆಗ್ಬಿಡ್ಲಿ."

ಎರಡು ವರ್ಷದಿಂದ ಟೆಂಪರರಿ. ಆಗ್ಬಿಡ್ಲಿ.

14-4, ಗುರುವಾರ

ಡೀಟರ್ ಸುಲಭದ ಮನುಷ್ಯ. ಐವತ್ತೆಂಟು ವಯಸ್ಸು, ಉದ್ದ, ಬಾಗಿಲಲ್ಲಿ ತಲೆ ತಗ್ಗಿಸುವುದು ಅಭ್ಯಾಸವಾಗಿದೆ. ಗೆಸ್ಟ್ ಹೌಸ್ ಅಡುಗೆಯವರು ಜನಾರ್ದನ, ಬೀದರ ಕಡೆಯವರು. ಡೀಟರ್‌ಗಾಗಿ ಸೌತೆಕಾಯಿಯನ್ನೂ ಕುದಿಸಿ ಆರಿಸಿದ ನೀರಲ್ಲಿ ತೊಳೆಯುತ್ತಾರೆ. "ಪರದೇಶದ ಹೊಟ್ಟಿ ಅದರಿ ಅಕ್ಕೋರೆ, ಹಸಗೂಸಿನಂಗ" ಅಂದರು.

ಡೀಟರ್ ತಮ್ಮ ಔಷಧಿ ಚೀಲ ತೋರಿಸಿದರು. ಒಂದು ಡಬ್ಬಿ ತುಂಬ ಕಪ್ಪು ಗುಳಿಗೆ. ಇದ್ದಿಲಂತೆ. ಹೊಟ್ಟೆ ಕೆಟ್ಟರೆ ಅವರಲ್ಲಿ ಅದನ್ನು ನುಂಗುತ್ತಾರಂತೆ. ಅವ್ವನಿಗೆ ಹೇಳಿದೆ. "ನಾವು ಹಲ್ಲು ತಿಕ್ಕಿ ಉಗುಳೂದನ್ನ ಅವ್ರು ನುಂಗ್ತಾರೇನು" ಎಂದು ತುಂಬ ಹೊತ್ತು ನಕ್ಕಳು. ಆಮೇಲೆ ಶುರು — ಕರೆದುಕೊಂಡು ಬಾ, ಒಂದು ಸಲ ಮನೆಗೆ ಕರೆದುಕೊಂಡು ಬಾ.

17-4, ಭಾನುವಾರ, ಸಂಜೆ

ಗೋಲ್ಕೊಂಡ ತೋರಿಸಿದೆ. ಏಪ್ರಿಲ್ ಬಿಸಿಲಲ್ಲಿ ಕೋಟೆ ಹತ್ತಿಸಿದ್ದು ತಪ್ಪು. ಡೀಟರ್ ಮುಖ ಟೊಮೆಟೊ. ವಾಪಸ್ ಬರುವಾಗ ಕಾರು ಮನೆ ಕಡೆ ತಿರುಗಿಸಿದೆ. ರೂಲ್ಸ್ ಪುಟದಲ್ಲಿ ಮನೆಗೆ ಕರೆದೊಯ್ಯಬಾರದು ಎಂದಿಲ್ಲ. ಕರೆದೊಯ್ಯಬಹುದು ಎಂದೂ ಇಲ್ಲ.

ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಮಾತು ಆಮೇಲೆ. ಅವ್ವ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಿಗೇ ಬಂದಳು. ನೀರು ನಾನು ತಡೆದೆ. ಅವರ ನೀರು ಅವರ ಹತ್ತಿರ ಇದೆ, ಆಫೀಸಿನ ರೂಲ್ ಅಂದೆ. ಅವ್ವನ ಮುಖ ಸಪ್ಪಗಾಯಿತು. ಡೀಟರ್ ಬೆಲ್ಲ ತಿಂದು, ಕೋಟೆಯಲ್ಲಿ ಸೀಲ್ ಒಡೆದಿದ್ದ ಬಾಟಲಿಯನ್ನು ಅಡುಗೆಮನೆ ಕಟ್ಟೆ ಮೇಲಿಟ್ಟು, ಅಪ್ಪನ ಫೋಟೋ ನೋಡುತ್ತ ನಿಂತರು. ಹೊರಗೆ ಲಾರಿಯವನು ಕಾರು ತೆಗೆಯಿರಿ ಎಂದು ಹಾರ್ನ್ ಹೊಡೆಯುತ್ತಿದ್ದ. ಡ್ರೈವರಿಗೆ ಹೇಳಲು ಹೋದೆ. ಐದು ನಿಮಿಷ.

ಹೊರಡುವಾಗ ಅವ್ವ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಕಾರಿನಲ್ಲಿ ಡೀಟರ್ ಅರ್ಧ ಕುಡಿದರು. ತಣ್ಣಗಿದೆ, ನಿಮ್ಮ ತಾಯಿ ಫ್ರಿಜ್ಜಿನಲ್ಲಿ ಇಟ್ಟಿದ್ದರೇ ಎಂದು ಕೇಳಿದರು. ನಮ್ಮ ಫ್ರಿಜ್ಜು ಫೆಬ್ರವರಿಯಿಂದ ಸತ್ತಿದೆ. ಒದ್ದೆ ಬಟ್ಟೆ ಸುತ್ತಿಟ್ಟಿರಬೇಕು... ಹೌದು ಅಂದೆ.

18-4, ಸೋಮವಾರ

ಮಧ್ಯಾಹ್ನ ಡೀಟರ್ ಫೋನ್. ಹೊಟ್ಟೆಯಲ್ಲಿ ಸ್ವಲ್ಪ ಪ್ರಾಬ್ಲಂ, ರೂಮಿಗೆ ಹೋಗುತ್ತೇನೆ. ಎಷ್ಟು ಸಲ ಹೋದಿರಿ ಎಂದೆ. ಎಣಿಸುವುದು ಬಿಟ್ಟೆ ಎಂದರು. ಇದ್ದಿಲು ನುಂಗಿದ್ದಾರೆ.

19-4, ಮಂಗಳವಾರ

ಇಡೀ ಆಫೀಸು ವೈದ್ಯರಾಗಿದೆ. ಭರತ — ಮೊಸರನ್ನ. ಉಡುಪಿಯ ಅಪೂರ್ವ, ಟೆಸ್ಟಿಂಗ್ ಟೀಮಿನವಳು — ಪುನರ್ಪುಳಿ ಸಾರು, ತನ್ನ ಡಬ್ಬಿಯಲ್ಲೇ ತಂದಿದ್ದಾಳೆ. ಡ್ರೈವರ್ — ಕರಿ ಚಹಾ, ಲಿಂಬೆ ಹಿಂಡಿ. ಡೀಟರ್‌ಗೆ ಬೇಕಿರುವುದು ಅವರ ಊರಿನ ಮದ್ದು: ಗ್ಯಾಸ್ ಹೋದ ಕೋಲಾ, ಜೊತೆಗೆ ಉಪ್ಪಿನ ಕಡ್ಡಿ ಎಂಬ ಬಿಸ್ಕತ್ತು. ಅವರ ಅಜ್ಜಿ ಕೊಡುತ್ತಿದ್ದರಂತೆ. ಬೇಗಂಪೇಟೆಯೆಲ್ಲ ಸುತ್ತಿದೆ, ಉಪ್ಪಿನ ಕಡ್ಡಿ ಇಲ್ಲ. ಉಸ್ಮಾನಿಯಾ ಬಿಸ್ಕತ್ತು ಒಯ್ದೆ, ಅದರಲ್ಲೂ ಸ್ವಲ್ಪ ಉಪ್ಪಿದೆ. ಜನಾರ್ದನ ಅರ್ಧ ಗಂಟೆ ಚಮಚದಿಂದ ಕೋಲಾ ತಿರುವಿ ತಿರುವಿ ಗ್ಯಾಸ್ ತೆಗೆದರು. ಮಜ್ಜಿಗೆ ಕಡೆಯುವ ಹಾಗೆ.

ಡಾಕ್ಟರು ಬೇಡ ಎಂದು ಹಟ. ಸಂಜೆ ಜ್ವರ ಬಂತು. ಕೇಳದೇ ಕರೆಸಿದೆ. ಡಾಕ್ಟರು ಓಆರ್‌ಎಸ್ ಪ್ಯಾಕೆಟ್, ಎರಡು ಥರದ ಮಾತ್ರೆ ಕೊಟ್ಟರು. ನೀರು ಎಲ್ಲಿಯದು ಎಂದು ಕೇಳಿದರು. ಸೀಲ್ ಬಾಟಲಿ ಎಂದೆ.

20-4, ಬುಧವಾರ

ಜ್ವರ ಇಳಿದಿದೆ. ಹೊಟ್ಟೆ ನಿಂತಿಲ್ಲ.

ಜರ್ಮನಿಯಿಂದ ಭರತರಿಗೆ ಮೇಲ್. ಹೇಗಾಯಿತು, ಏನು ಕ್ರಮ, ಇವತ್ತೇ ರಿಪೋರ್ಟ್. ಫಾರ್ಮ್ ತುಂಬುವುದು ಅಡ್ಮಿನ್. 'ಕಾರಣ' ಎಂದು ಒಂದು ಕಾಲಂ. ಭರತ ಹಿಂದೆ ನಿಂತಿದ್ದರು.

"ಹೊರಗೆಲ್ಲೂ ಏನೂ ತಿಂದಿಲ್ಲ ತಾನೆ?"

ಇಲ್ಲ ಎಂದೆ. ಒಂದು ಚೂರು ಬೆಲ್ಲ ನೆನಪಾಯಿತು. ಬೆಲ್ಲದಿಂದ ಏನಾಗುತ್ತದೆ.

"ಹಾಗಾದ್ರೆ ಗೆಸ್ಟ್ ಹೌಸ್ ಊಟಾನೇ."

ಟೈಪ್ ಮಾಡಿದೆ — ಬಹುಶಃ ಗೆಸ್ಟ್ ಹೌಸ್ ಅಡುಗೆಮನೆಯ ಆಹಾರ. ಬಹುಶಃ ತೆಗೆಯಿರಿ ಎಂದರು. ತೆಗೆದೆ.

ನಾಲ್ಕು ಗಂಟೆಗೆ ಜನಾರ್ದನರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಿದ್ದೂ ನಾನೇ. ಅವರು ಜಗಳ ಮಾಡಲಿಲ್ಲ. "ನಾ ಏನು ತಪ್ಪು ಮಾಡೀನಿ ಹೇಳ್ರಿ ಅಕ್ಕೋರೆ. ಮುಂದ ಎಲ್ಲ್ಯಾರ ಕೆಲಸಕ್ಕ ಹೋದ್ರ ಮಾಡಬಾರ್ದಲ್ಲ" ಎಂದು ಮಾತ್ರ ಕೇಳಿದರು. ತಮ್ಮ ಚಾಕು, ಲಟ್ಟಣಿಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.

21-4, ಗುರುವಾರ

ಅವ್ವ ಬೆಳಗ್ಗೆ ನಾಲ್ಕೂವರೆಗೇ ಎದ್ದು ಕಷಾಯ ಇಳಿಸಿದ್ದಾಳೆ. ದಾಳಿಂಬೆ ಸಿಪ್ಪೆ, ಅಜವಾನ, ಜೀರಿಗೆ, ಚೂರು ಸೈಂಧವ. ಕಾಲು ಭಾಗಕ್ಕೆ ಬತ್ತುವವರೆಗೆ ಕುದಿಸಿದ್ದಾಳೆ. ಈ ಹೆಂಗಸು ಕುಡಿಯುವ ನೀರು ಕುದಿಸುವುದಿಲ್ಲ, ಔಷಧಿ ಮಾತ್ರ ಕುದಿಸುತ್ತಾಳೆ. ಸ್ಟೀಲ್ ಡಬ್ಬಿ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯನ್ನೂ ತೆಗೆದಳು. ಡಬ್ಬಿಯ ದೃಷ್ಟಿ.

ಡೀಟರ್ ಮೂಸಿ ನೋಡಿ, ಕಣ್ಣು ಮುಚ್ಚಿ ಕುಡಿದರು. ಅಡುಗೆಯವರು ಎಲ್ಲಿ ಎಂದು ಕೇಳಿದರು. ರಜೆ ಎಂದೆ.

22-4, ಶುಕ್ರವಾರ

ಡೀಟರ್ ಎದ್ದು ಓಡಾಡುತ್ತಿದ್ದಾರೆ. ಇದ್ದಿಲಿಗೆ ಅಲ್ಲ, ಮಾತ್ರೆಗೆ ಅಲ್ಲ, ನಿಮ್ಮ ತಾಯಿಯ ಕಷಾಯಕ್ಕೇ ನಿಂತಿತು ಎನ್ನುತ್ತಾರೆ. ಅವ್ವನಿಗೆ ಹೇಳಿದೆ. ಹತ್ತು ನಿಮಿಷದಲ್ಲಿ ಬೀದಿಗೆಲ್ಲ ಗೊತ್ತು. ನೆಲದ ಮೇಲೆ ಕಾಲೇ ಇಲ್ಲ. ಪಕ್ಕದ ಮನೆ ಸುಹಾಸಿನಿಯವರಿಗೆ ಬಾಗಿಲಲ್ಲೇ ನಿಂತು ವರದಿ ಒಪ್ಪಿಸುತ್ತಿದ್ದಳು. ನಾನು ಒಳಗೆ ಚಹಾ ಸೋಸುತ್ತಿದ್ದೆ.

"ಆ ಮನಶಾ ಒಲ್ಲೆ ಅನ್ನೂದ ಗೊತ್ತಿಲ್ಲ ಸುಹಾಸಿನಿ. ಅವತ್ತ ಬಾಟಲಿ ನೀರು ಕಾದ ಬೆಂಕಿ ಆಗಿತ್ತು. ಬಂದ ಮನಶಾ ಬಿಸಿ ನೀರು ಕುಡಕೋತ ಹೋಗೂದಾ? ತುಳಸಿಗೆ ಚೆಲ್ಲಿ, ನಾನಽ ನಮ್ಮ ರಂಜಣಗಿ ನೀರು ತುಂಬಿ ಕೊಟ್ಟೆ. ಗಟಗಟ ಕುಡದಾನಂತ."

ಸೋಸುವುದು ಬಿಟ್ಟು ಒಲೆ ಆರಿಸಿದೆ.

ಭಾನುವಾರ ಕಾರಿನಲ್ಲೇ ಅನುಮಾನ ಬಂದಿತ್ತು. ಬಂದಿರಲಿಲ್ಲ ಎಂದು ಈ ಡೈರಿಯಲ್ಲಾದರೂ ಸುಳ್ಳು ಬರೆಯಬಾರದು.

26-4, ಮಂಗಳವಾರ

ಹೊಸ ಅಡುಗೆಯವನು. ಡೀಟರ್ ಚಪಾತಿ ಚರ್ಮದ ಹಾಗಿದೆ ಎಂದರು. ಜನಾರ್ದನರ ನಂಬರ್ ಮೊಬೈಲಿನಲ್ಲಿದೆ. ಒತ್ತಲಿಲ್ಲ. ಮೂರು ದಿನ ಹೇಳದಿದ್ದರೆ ಕನ್ಫರ್ಮೇಶನ್. ಹೇಳಿದರೆ ಅವ್ವ... ಅಪ್ಪ ಹೋದ ಮೇಲೆ ಅವ್ವ ಇಷ್ಟು ಖುಷಿಯಾಗಿದ್ದನ್ನು ನೋಡಿಲ್ಲ. ನಾಚಿಕೆಯಾಗುತ್ತಿದೆ. ಅಷ್ಟೇ.

28-4, ಗುರುವಾರ

ಡೀಟರ್ ಸಹಿ ಹಾಕಿದರು. ಭರತ ಕೇಕ್ ಕತ್ತರಿಸಿದರು. ಶನಿವಾರ ಮನೆಗೆ ಬಂದು ತಾಯಿಗೆ ಥ್ಯಾಂಕ್ಸ್ ಹೇಳಬೇಕಂತೆ ಡೀಟರ್‌ಗೆ. ಭರತ ನನ್ನ ಕಡೆ ನೋಡಿದರು — ಮನೆ ಯಾಕೆ ಬಂತು ಮಧ್ಯೆ ಎಂಬ ನೋಟ. ಕೇಕ್ ತಿಂದೆ.

29-4, ಶುಕ್ರವಾರ

ಅವ್ವ ನಾಳೆಗೆಂದು ಹೋಳಿಗೆಯ ಬೇಳೆ ಆರಿಸುತ್ತ ಕೂತಿದ್ದಳು. ಹೇಳಿಬಿಟ್ಟೆ. ನೀರು, ರಿಪೋರ್ಟು, ಜನಾರ್ದನ. ಎಲ್ಲ.

ಆರಿಸುವುದು ನಿಲ್ಲಿಸಲಿಲ್ಲ. ಒಂದು ಮೊರ ಮುಗಿಯಿತು.

"ನಾವು ದಿನಾ ಅದನ್ನಽ ಕುಡಿತೀವಲ್ಲ."

"ನಮಗೆ ರೂಢಿ ಆಗೈತಿ ಅವ್ವ. ಅವ್ರಿಗೆ ಇಲ್ಲ."

"ಹಂಗಾರ ನಾನಽ ಕೆಡಿಸಿ ನಾನಽ ರಿಪೇರಿ ಮಾಡೀನಿ. ಓಣಿ ತುಂಬ ಹೇಳಕೋತ ತಿರಗೀನಿ." ಮೊರಕ್ಕೆ ಇನ್ನೊಂದು ಹಿಡಿ ಬೇಳೆ ಸುರಿದುಕೊಂಡಳು. "ಆ ಅಡಗಿಯಾಂವ ಎಷ್ಟು ದಿನ ಆತು ಮನ್ಯಾಗ ಕುಂತು?"

ಒಂಬತ್ತು ಎಂದೆ.

"ನಿನಗ ಗೊತ್ತಾಗಿ?"

ಏಳು.

ಮೊರ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

30-4, ಶನಿವಾರ

ಡೀಟರ್ ಹೂಗುಚ್ಛ ತಂದಿದ್ದರು. ಅವ್ವ ತೆಗೆದುಕೊಳ್ಳಲಿಲ್ಲ. "ಮೊದಲು ಅವರಿಗೆ ಹೇಳು. ನಾ ಹೇಳಿದಂಗ, ಒಂದು ಮಾತೂ ಬಿಡದಂಗ ಹೇಳು" ಎಂದಳು. ರಂಜಣಗಿ ತೋರಿಸಿದಳು, ತುಳಸಿ ತೋರಿಸಿದಳು. ನಾನು ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ನೀರಿನ ಮಾತಿಗೆ ಡೀಟರ್ ನಕ್ಕರು. ಒಳ್ಳೆಯ ನೀರು, ತಣ್ಣಗಿತ್ತು ಎಂದರು. ಜನಾರ್ದನರ ಮಾತು ಬಂದಾಗ ನಗು ನಿಂತಿತು.

ರಜೆ ಎಂದಿರಿ, ಎಂದರು. ಅಷ್ಟೇ ಹೇಳಿದ್ದು. ಅವ್ವ ಅವರೇನಂದರು ಎಂದು ಕೇಳಿದಳು. ಅದನ್ನೂ ಕನ್ನಡಕ್ಕೆ ತಿರುಗಿಸಿದೆ.

ಹೋಳಿಗೆ ತಿಂದರು. ಹೂವನ್ನು ಟೇಬಲ್ ಮೇಲಿಟ್ಟು ಹೋದರು.

2-5, ಸೋಮವಾರ

ಡೀಟರ್ ನಿನ್ನೆ ಹೊರಡುವ ಮುಂಚೆ ಜರ್ಮನಿಗೂ ಭರತರಿಗೂ ಮೇಲ್ ಹಾಕಿದ್ದಾರೆ — ಅಡುಗೆಯವರ ತಪ್ಪಿಲ್ಲ, ನೀರು ಹೊರಗಿನದು. ಯಾರ ಮನೆಯದು ಎಂದು ಬರೆದಿಲ್ಲ. ಬಚಾವಾಗಬಹುದಿತ್ತು. ಭರತರ ಕ್ಯಾಬಿನ್ನಿಗೆ ಹೋಗಿ ನಾನೇ ಹೇಳಿದೆ.

ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. "ಹೇಳ್ಬಾರ್ದಿತ್ತೇನ್ರೀ ಅವತ್ತೇ? ಬಹುಶಃ ಅಂತ ಹಾಕಿದ್ರಿ, ನಾನೇ ತೆಗೆಸ್ದೆ." ಆಮೇಲೆ ಮೆಲ್ಲಗೆ, "ಕನ್ಫರ್ಮೇಶನ್ ಈ ಸಲ ಆಗಲ್ಲ. ಆರು ತಿಂಗಳು ನೋಡೋಣ. ಆ ಕುಕ್‌ನ ಕರೀರಿ."

ಫೋನ್ ಮಾಡಿದೆ. ಸ್ವಿಚ್ ಆಫ್. ಪರ್ಸನಲ್ ಫೈಲಿನಲ್ಲಿ ಅಡ್ರೆಸ್ ಇದೆ, ದಿಲ್‌ಸುಖ್‌ನಗರ.

ಬೆಳಗ್ಗೆ ಅವ್ವ ನೀರು ಕುದಿಸುತ್ತಿದ್ದಳು.

4-5, ಬುಧವಾರ, ರಾತ್ರಿ

ನಾನೊಬ್ಬಳೇ ಹೋಗುತ್ತೇನೆಂದರೆ ಅವ್ವ ಕೇಳಲಿಲ್ಲ. ಇಳಕಲ್ ಸೀರೆ ಉಟ್ಟು ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಎರಡು ಬಸ್ಸು. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಸೆಂಟರುಗಳ ಹಿಂದಿನ ಓಣಿ, ಮೊದಲ ಮಹಡಿ, ಒಂದೇ ಕೋಣೆ. ತಗಡಿನ ಮಾಡು, ಕುದಿಯುವ ಸೆಕೆ. ಜನಾರ್ದನ ಹಾಸ್ಟೆಲ್ ಹುಡುಗರಿಗೆ ಚಪಾತಿ ಲಟ್ಟಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಕೈಯೆಲ್ಲ ಹಿಟ್ಟು. ಅವರ ಹೆಂಡತಿ ಏನೂ ಕೇಳದೆ ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ, ಎರಡು ತಂಬಿಗೆ ನೀರು ತಂದಿಟ್ಟರು.

ಅವ್ವ ಮುಟ್ಟಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ, ಯಾರ ಮನೆಯಲ್ಲೂ ನೀರು ಬೇಡ ಎಂದವಳಲ್ಲ. "ಮೊದಲು ಮಾತು, ಆಮ್ಯಾಲ ನೀರು. ಹೇಳು" ಎಂದಳು ನನಗೆ.

ಹೇಳಿದೆ. ಉದ್ದವಾಯಿತು. ನಡುವೆ ಅವ್ವ ಎರಡು ಸಲ ತಿದ್ದಿದಳು — "ನೀರು ತುಂಬಿದಾಕಿ ನಾನು", "ಗೊತ್ತಾಗಿ ಸುಮ್ಮನಿದ್ದಾಕಿ ಈಕಿ". ವಾಪಸ್ ಬನ್ನಿ ಎಂದೆ. ಜನಾರ್ದನ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಕೈಯ ಹಿಟ್ಟು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ನಾನು ತಂಬಿಗೆ ನೋಡುತ್ತಿದ್ದೆ.

ಆಮೇಲೆ ಜನಾರ್ದನ ಬಂದು ಅವ್ವನ ಮುಂದಿದ್ದ ತಂಬಿಗೆ ಎತ್ತಿಕೊಂಡರು. ಮುಗಿಯಿತು, ಎದ್ದು ಹೋಗಬೇಕು ಎಂದುಕೊಂಡೆ.

"ಮಾತಾಡೂತನ ಬಿಸಿ ಆಗ್ಯಾದ್ರಿ ಅವ್ವಾರೆ ಈ ನೀರು" ಎಂದರು. ಕಿಟಕಿಯ ಹೊರಗಿನ ಕುಂಡಕ್ಕೆ ಚೆಲ್ಲಿ, ಮೂಲೆಯ ಮಣ್ಣಿನ ಕೊಡದಿಂದ ಹೊಸದಾಗಿ ತುಂಬಿ ತಂದು, ಎರಡೂ ಕೈಯಲ್ಲಿ ಹಿಡಿದು ನಿಂತರು.

ಅವ್ವ ಆ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಗಟಗಟ ಕುಡಿದಳು.