ಜಮ್ಮುಲಕ್ಕ ಹಾಡು ಕೇಳಾಕ ಬಂದಿದ್ದಳಂತ

ಜಮ್ಮುಲಕ್ಕಾ,

ನೀ ತೀರಿಕೊಂಡು ಆರು ತಿಂಗಳಾತು. ಈ ಪತ್ರ ನಿನಗ ಮುಟ್ಟಂಗಿಲ್ಲ ಅಂತ ಗೊತ್ತಿದ್ದೂ ಬರೀತೀನಿ.

ನಿನ್ನೆ ಗದ್ವಾಲದಾಗ ಒಂದು ಮದುವಿಗೆ ನಮ್ಮ ಬ್ಯಾಂಡು ಹೋಗಿತ್ತು. ನಿನ್ನ ಕಾಲದವರೊಳಗ ಈಗ ಬ್ಯಾಂಡು ನಡಸೋ, ಡ್ರಮ್ ಬಾರಸೋ ಚಂದ್ರಕಾಂತಣ್ಣ, ನಾನು, ಇಬ್ಬರ ಉಳಿದೀವಿ. ಸ್ಯಾಕ್ಸೊಫೋನ್ ಊದೋ ವೀರಯ್ಯನೂ ಹೈದರಾಬಾದಿಗೆ ಹೋದ.

ಊಟದ ಹೊತ್ತಿಗೆ ಒಬ್ಬ ಮುದುಕಿ ನನ್ನ ಪಕ್ಕ ಬಂದು ಕುಂತು, "ನಿಮ್ಮೊಳಗ ಮೊದಲ ಹಾಡ್ತಿದ್ದಳಲ್ಲ, ಆ ದೊಡ್ಡಾಕಿ ಎಲ್ಲಿ ಅದಾಳವ್ವಾ?" ಅಂತ ಕೇಳಿದಳು.

"ದನಿ ಬಿದ್ದಿತ್ತುರಿ, ತಾನ ಬಿಟ್ಟಳು," ಅಂದೆ. ನಾಲ್ಕು ವರ್ಷದಿಂದ ಎಲ್ಲರಿಗೂ ಹಂಗ ಹೇಳೀನಿ.

"ಹೋದ ವರ್ಷ ಮಕ್ತಲದಾಗ ನನ್ನ ಮಗನ ಮದುವಿಗೆ ಬಂದಿದ್ದಳು. ಹೆಣ್ಮಕ್ಕಳ ನಡುವ ಕುಂತು ನಿನ್ನ ಹಾಡು ಪೂರಾ ಕೇಳಿದಳು. 'ಈಕಿ ನಮ್ಮಾಕಿ, ನಾನ ಕಲಿಸೀನಿ' ಅಂತ ಎಲ್ಲರಿಗೂ ಹೇಳಿದಳು," ಅಂದಳು ಮುದುಕಿ.

ಅವತ್ತು ನೀ ಬಂದಿದ್ದು ನನಗ ಗೊತ್ತಿರಲಿಲ್ಲಕ್ಕಾ. ಒಂದು ಮಾತು ಆಡದ ಹೋಗಿಬಿಟ್ಟೆಲ್ಲ.

ಕೈಯಾಗಿನ ತುತ್ತು ಎಲಿ ಮ್ಯಾಲ ಇಟ್ಟೆ. "ಆಕಿ ದನಿ ಒಡದೈತಿ ಅಂತ ಚಂದ್ರಕಾಂತಣ್ಣನ ಕಿವ್ಯಾಗ ಹಾಕಿ, ಆಕಿನ್ನ ತಗಸಿದಾಕಿ ನಾನವ್ವಾ," ಅಂದೆ.

ಮುದುಕಿ ನನ್ನ ಮಾರಿ ನೋಡಿದಳು. ಸೀರಿ ಸೆರಗು ಸರಿ ಮಾಡಿಕೊಂಡು, ಎದ್ದು ಬ್ಯಾರೆ ಸಾಲಿನ್ಯಾಗ ಹೋಗಿ ಕುಂತಳು.

ಗಂಗಾಂಬಿಕಾ